ಕಾರಿಗೂ ಹೆಸರ ಬದಲಿ ಮಾಡ್ತಾರಂತ

ಹೋದ ತಿಂಗಳು ನಮ್ಮ ಅಕ್ಕನ ಮಗ ಬೆಂಗಳೂರಿಂದ ಬಂದಿದ್ದ. ಅವಗ ಕಾರಿನ ಹುಚ್ಚು. ಓಡಸೋದು ಹಳೇ ಸ್ಕೂಟರ್, ಆದ್ರ ಮಾತೆಲ್ಲಾ ದೊಡ್ಡ ದೊಡ್ಡ ಗಾಡೀದು. ನಾ ಅಡಗಿ ಮನ್ಯಾಗ ಮೆಂತೆ ಪಲ್ಯಾ ಸೋಸ್ಕೋತ ಕೂತಿದ್ದೆ, ಬಂದು ಬಾಜೂಕ ಕೂತು ಮೊಬೈಲ್ ಮುಂದ ಹಿಡದ.

"ಮೌಶಿ, ಇಲ್ಲೆ ನೋಡು, ಆಡಿಯವರ ಹೊಸಾ ಎ6. ಏನ್ ಸೆಡಾನ್ ಅದ ಅಂತಿ!"

ನೋಡಿದೆ. ಛಂದ ಇತ್ತು, ಸುಳ್ಳ್ಯಾಕ ಹೇಳ್ಲಿ. ಆದ್ರ ಎ6 ಅನ್ನೋದು ಒಂದು ಹೆಸರೇನು? "ನಮ್ಮ ಓಣ್ಯಾಗಿನ ಲೈಟಿನ ಕಂಬಕ್ಕೂ ಹಂಗ ನಂಬರ್ ಬರದಾರಲ್ಲೋ" ಅಂದೆ. ಅಂವ ನಕ್ಕ. "ಅದರೆ ಉಳೀತಲ್ಲಾ ಅಂತ ಖುಷಿ ಪಡು ಮೌಶಿ. ಇದಕ್ಕ ಎ7 ಅಂತ ಹೆಸರ ಬದಲಿ ಮಾಡೋರಿದ್ರು."

ಹೆಸರ ಬದಲಿ ಅಂದ ಕೂಡ್ಲೆ ನನ್ನ ಕಿವಿ ನೆಟ್ಟಗಾದವು. ಯಾಕಂತ ಮುಂದ ಹೇಳ್ತೇನಿ, ಪೈಲೆ ಕಾರಿನ ಕತಿ ಕೇಳ್ರಿ.

2023ರಾಗ ಆಡಿ ಕಂಪನಿಯವರು ಒಂದು ನೇಮ ಮಾಡಿದ್ರಂತ. ಸಮ ಸಂಖ್ಯೆ ಇದ್ದದ್ದು ಕರೆಂಟಿನ ಗಾಡಿ, ಬೆಸ ಸಂಖ್ಯೆ ಇದ್ದದ್ದು ಪೆಟ್ರೋಲ್ ಇಲ್ಲಾ ಡೀಸೆಲ್ ಗಾಡಿ. ಕಾಗದದ ಮ್ಯಾಲೆ ಅಗದಿ ಶಿಸ್ತು. ಆದ್ರ 1994ರಿಂದ ಎ4 ಅಂತ ಕರಿಸ್ಕೋತ ಬಂದ ಪೆಟ್ರೋಲ್ ಗಾಡಿ ಎಲ್ಲಿಗೆ ಹೋಗಬೇಕು? 2024ರಾಗ ಅದರ ಹೊಸಾ ಗಾಡೀಗೆ ಎ5 ಅಂತ ಹೆಸರಿಟ್ರು. ಎ5 ಅನ್ನೋ ಬ್ಯಾರೆ ಗಾಡಿ ಮೊದಲ ಇತ್ತು, ಅದನ್ನೂ ಇದರಾಗ ಕೂಡಿಸಿಬಿಟ್ರು. ಆಮ್ಯಾಲೆ ಎ6 ಸರದಿ. ಎ6 ಇ-ಟ್ರಾನ್ ಅಂತ ಕರೆಂಟಿನದು ಬಂತು, ಇನ್ನ ಪೆಟ್ರೋಲಿಂದು ಎ7 ಆಗಬೇಕಿತ್ತು. ಅಷ್ಟರಾಗ ಗಿರಾಕಿಗಳೂ ಮಾರೋರೂ ಇದ್ಯಾಕೋ ಬರೋಬ್ಬರಿ ಆಗವಲ್ದು ಅಂದ್ರು. 2025ರ ಫೆಬ್ರುವರಿಯೊಳಗ ನೇಮ ಕೈಬಿಟ್ರು. ಏಪ್ರಿಲ್‌ನಾಗ ಈ ಸೆಡಾನ್ ಎ6 ಅಂತನ ಹೊರಗ ಬಂತು.

ಎ6ದ ನಸೀಬ ಛಲೋ ಇತ್ತು. ಆದ್ರ ಎ4? ಅದರ ಹೆಸರ ಹೋದದ್ದು ಹೋತು, ಎ5 ಅಂತನ ಉಳೀತು. ಎರಡು ವರ್ಷ ಬಾಳದ ಒಂದು ನೇಮಕ್ಕ ಮೂವತ್ತು ವರ್ಷದ ಹೆಸರ ಖರ್ಚಾತು.

ಇದನ್ನ ಕೇಳಿ ನನಗ ಯಾಕ ಸಂಕಟ ಆತಂದ್ರ, ನನ್ನ ಪೈಲೆ ಹೆಸರು ಪದ್ಮಿನಿ. ಲಗ್ನದಾಗ ತಾಟಿನ್ಯಾಗ ಅಕ್ಕಿ ಹರವಿ, ಉಂಗುರಲೆ ಶ್ರೀಲಕ್ಷ್ಮೀ ಅಂತ ಬರಸಿದ್ರು. ಅತ್ತಿಮನ್ಯಾಗ ಪದ್ಮಾ ಅನ್ನೋ ನಾದಿನಿ ಇದ್ಲು, ಗೊಂದಲ ಆಗ್ತದ ಅಂತ. ಅವರದೂ ಒಂದು ನೇಮ. ನನ್ನ ಯಾರೂ ಕೇಳ್ಲಿಲ್ಲ, ನಾನೂ ಏನೂ ಅನ್ಲಿಲ್ಲ, ಆಗೆಲ್ಲಾ ಹಂಗ ಇತ್ತು. ಆ ನಾದಿನಿ ಮರುವರ್ಷನ ಲಗ್ನ ಆಗಿ ಹೋದ್ಲು, ಅವರ ಮನ್ಯಾಗ ಅಕೀ ಹೆಸರೂ ಬದಲಿ ಆತು!

ಪದ್ಮಿನಿ ಅಂದ ಮ್ಯಾಲೆ ಆ ಕಾರಿನ ಬಗ್ಗೆ ಹೇಳಲೇಬೇಕು. ಸಾಲ್ಯಾಗ ಹುಡುಗೂರು ನನ್ನ ಕಂಡ್ರ ಹಾರನ್ ಹೊಡದ್ಹಂಗ ಮಾಡ್ತಿದ್ರು. ಪ್ರೀಮಿಯರ್ ಪದ್ಮಿನಿ ಆಗಿನ ಕಾಲಕ್ಕ ಶ್ರೀಮಂತರ ಗಾಡಿ. ಚಿತ್ತೋಡದ ರಾಣಿ ಹೆಸರು ಅದು. ಆದ್ರ ಅದೂ ಹುಟ್ಟಾ ಪದ್ಮಿನಿ ಅಲ್ಲ. ಪೈಲೆ ಫಿಯಾಟ್ 1100, ನಂತರ ಸ್ವಲ್ಪ ದಿನ ಪ್ರೀಮಿಯರ್ ಪ್ರೆಸಿಡೆಂಟ್, 1970ರ ದಶಕದಾಗ ಪದ್ಮಿನಿ. ನಾ ಪದ್ಮಿನಿ ಹೋಗಿ ಶ್ರೀಲಕ್ಷ್ಮೀ ಆದೆ, ಅದು ಫಿಯಾಟ್ ಹೋಗಿ ಪದ್ಮಿನಿ ಆತು. ಮಜಾ ಅಂದ್ರ ಮಂದಿ ಯಾರೂ ಅದನ್ನ ಪದ್ಮಿನಿ ಅಂತ ಕರೀಲೇ ಇಲ್ಲ. ನಮ್ಮ ಅಪ್ಪಾ ಕಡೀತನಾ "ಫಿಯಾಟ್ ಬಂತು ನೋಡು" ಅಂತಿದ್ದ. ಮುಂಬೈ ಟ್ಯಾಕ್ಸಿಯವರ ಬಾಯಾಗೂ ಅದ. 2023ರ ಅಕ್ಟೋಬರದಾಗ ಕಡೀ ಪದ್ಮಿನಿ ಟ್ಯಾಕ್ಸಿ ಮುಂಬೈ ರಸ್ತಾ ಬಿಟ್ಟು ಹೋದಾಗ ಪೇಪರದಾಗ ಓದಿ ನನಗ ಸುಮ್ಮನ ಕಣ್ಣು ತುಂಬಿದ್ವು. ನಮ್ಮ ಮನ್ಯಾವರು "ಕಾರಿಗ್ಯಾಕ ಅಳ್ತಿ?" ಅಂದ್ರು.

ನಮ್ಮ ಅವ್ವನೂ ಹಂಗ. ಅಳಿಯಾನ ಮುಂದೂ ಪದ್ದೀ ಅಂತನ ಕರೀತಿದ್ಲು. ಇಟ್ಟವರು ಯಾರರೆ ಇರ್ಲಿ, ಹೆಸರು ಕರಿಯೋರದು ಅಂತ ನನಗ ಅನಸ್ತದ.

ನಂಬರಿನ ಪರವಾಗಿ ಅಕ್ಕನ ಮಗ ಭಾಳ ವಾದಾ ಮಾಡಿದ. ನಂಬರ್ ಆದ್ರ ಎಲ್ಲಾ ದೇಶದಾಗೂ ನಡೀತದ, ಅಪಾರ್ಥ ಆಗಂಗಿಲ್ಲ ಅಂದ. ಅದೂ ಖರೇನ. 2016ರಾಗ ಟಾಟಾದವರು ಝೀಕಾ ಅಂತ ಕಾರಿಗೆ ಹೆಸರಿಟ್ಟು ಕೂತಿದ್ರು, ಅಷ್ಟೊತ್ತಿಗೆ ಝೀಕಾ ಅನ್ನೋ ವೈರಸ್ ಜಗತ್ತಿಗೆಲ್ಲಾ ಹಬ್ಬಿ, ಟಿಯಾಗೋ ಅಂತ ಬದಲಿ ಮಾಡಬೇಕಾತು. ಅದಕ್ಕ ನಾ ಏನೂ ಅನ್ನಂಗಿಲ್ಲ, ಕೂಸಿಗೆ ಬ್ಯಾನಿ ಹೆಸರು ಯಾರಿಡ್ತಾರ?

ಆದ್ರ ನಂಬರ್ ಇಟ್ಟಮ್ಯಾಲೆ ಅದರೆ ಖರೇ ಹೇಳಬೇಕಲ್ಲಾ. ಮಾರುತಿ 800 ಅಂದ್ರ ಎಂಜಿನ್ 796 ಸಿಸಿ, ನಾಕು ಕಡಿಮಿ, ನಡೀತದ. 1972ರಾಗ ಬಿಎಂಡಬ್ಲ್ಯು 520 ಬಂದಾಗ 5 ಅಂದ್ರ ಗಾಡಿ ಸರಣಿ, 20 ಅಂದ್ರ 2.0 ಲೀಟರ್ ಎಂಜಿನ್. ಈಗಿನ 330ಐ ಬಾನೆಟ್ ತಗದು ನೋಡಿದ್ರ ಮೂರು ಲೀಟರ್ ಅಲ್ಲ, ಎರಡ ಲೀಟರ್ ಅದ ಅಂತ. ಆಡಿ ಎ6ರ ಹಿಂದ 45 ಅಂತ ಬರದಿರ್ತಿತ್ತಲ್ಲಾ, ಅದು ಲೀಟರೂ ಅಲ್ಲ, ಕುದರಿ ಶಕ್ತಿನೂ ಅಲ್ಲ. ಎಂಜಿನ್ 169ರಿಂದ 185 ಕಿಲೋವ್ಯಾಟ್ ನಡುವ ಇದ್ರ 45 ಅಂತ 2017ರಾಗ ಅವರ ಮಾಡಿಕೊಂಡ ಲೆಕ್ಕ. ನಮ್ಮನ್ಯಾಗ ಸಕ್ಕರಿ ಅಂತ ಬರದ ಡಬ್ಬ್ಯಾಗ ಇಪ್ಪತ್ತು ವರ್ಷದಿಂದ ರವಾ ಅದ. ನನಗ ಗೊತ್ತು. ಸೊಸಿ ಬಂದ ಹೊಸದಾಗಿ ಚಹಾಕ್ಕ ರವಾ ಹಾಕಿದ್ಲು, ತಪ್ಪು ಅಕೀದೇನು? ಅವತ್ತ ನಾ ಚೀಟಿ ಕಿತ್ತೆ.

ಇದ ಮಂದಿ ಮೊದಲು ಎಷ್ಟ ಛಂದ ಹೆಸರು ಇಟ್ಟಿದ್ರು! ಆಡಿ ಅನ್ನೋ ಹೆಸರ ನೋಡ್ರಿ. ಆಗಸ್ಟ್ ಹಾರ್ಖ್ ಅನ್ನಾಂವ ತಾನ ಕಟ್ಟಿದ ಕಂಪನಿ ಬಿಟ್ಟು 1909ರಾಗ ಬ್ಯಾರೆ ಶುರು ಮಾಡಿದ. ಕೋರ್ಟಿನ್ಯಾಗ ತನ್ನ ಸ್ವಂತ ಹೆಸರ ಹಚ್ಚೋ ಹಕ್ಕು ಅವಗ ಸಿಗಲಿಲ್ಲ. ಗೆಳೆಯಾನ ಮನ್ಯಾಗ ಎಲ್ಲಾರೂ ಕೂತು ಹೆಸರ ಹುಡುಕೋವಾಗ, ಅಲ್ಲೆ ಲ್ಯಾಟಿನ್ ಅಭ್ಯಾಸ ಮಾಡ್ಕೋತ ಕೂತಿದ್ದ ಹುಡುಗ ಹೇಳಿದ್ನಂತ: ಜರ್ಮನ್‌ದಾಗ ಹಾರ್ಖ್ ಅಂದ್ರ ಕೇಳು, ಲ್ಯಾಟಿನ್‌ದಾಗ ಅದಕ್ಕ ಆಡಿ ಅಂತಾರ. ನಮ್ಮ ಕಿವಿಗೆ ಆಡಿ ಅಂದ್ರ ಮಾತಾಡಿ, ಅವರಿಗೆ ಕೇಳು. ಹೆಸರ ಕಳಕೊಂಡ ಮನಷ್ಯಾನ ಕಂಪನಿ ಅದು, ಮತ್ತೊಂದರ ಹೆಸರ ಕಸಗೋಳೋವಾಗ ಸ್ವಲ್ಪ ವಿಚಾರ ಮಾಡಬೇಕಿತ್ತು.

ಮರ್ಸಿಡಿಸ್ ಅಂತೂ ಹುಡುಗಿ ಹೆಸರು. ಫ್ರಾನ್ಸಿನ ನೀಸ್ ಊರಾಗ ಗಾಡಿ ಮಾರತಿದ್ದ ಎಮಿಲ್ ಯೆಲಿನೆಕ್ ತನ್ನ ಮಗಳ ಹೆಸರ ಇಡಿಸಿದ. 1901ರಾಗ ಆ ಹೆಸರಿನ ಗಾಡಿ ಓಡಿತು. 1903ರಾಗ ಅಂವ ತನ್ನ ಹೆಸರಿಗೂ ಅದನ್ನ ಜೋಡಿಸಿ ಯೆಲಿನೆಕ್-ಮರ್ಸಿಡಿಸ್ ಆದ. ಅಪ್ಪ ಮಗಳ ಹೆಸರ ಹಚ್ಕೊಂಡ! ಇದನ್ನ ನಾ ಅಕ್ಕನ ಮಗನ ಕಡೆ ಎರಡು ಸಲ ಹೇಳಿಸಿದೆ.

ನಮ್ಮ ಬಿಡದಿಯೊಳಗ ಟೊಯೊಟಾದವರು ಮಾಡೋ ಕ್ಯಾಮ್ರಿನೂ ಜಪಾನಿ ಭಾಷಾದಾಗ ಕಿರೀಟ ಅನ್ನೋ ಮಾತಿಂದ ಬಂದದ್ದಂತ. ಕರಿಯಾಕ ಬರ್ತದ, ನೆನಪೂ ಉಳೀತದ. ಇಷ್ಟ ರೊಕ್ಕಾ ಇಸಗೊಳ್ಳೋರಿಗೆ ಬಾಯ್ತುಂಬ ಕರಿಯೋ ಹೆಸರೊಂದು ಕೊಡೋದು ಭಾರ ಆಗ್ತದೇನು?

ನನ್ನ ಪಿಯುಸಿ ಮಾರ್ಕ್ಸ್ ಕಾರ್ಡಿನ್ಯಾಗ ಪದ್ಮಿನಿ, ಆಧಾರಿನ್ಯಾಗ ಶ್ರೀಲಕ್ಷ್ಮೀ. ಅವ್ವ ನನ್ನ ಹೆಸರಲೆ ಇಟ್ಟ ಸಣ್ಣ ಠೇವು ಒಂದದ, ಅದನ್ನ ಬಿಡಿಸ್ಕೋಬೇಕಂದ್ರ ಇಬ್ಬರೂ ಒಬ್ಬಾಕಿನ ಅಂತ ಅಫಿಡವಿಟ್ ತರ್ರಿ ಅಂದ್ರು. ಹೋದ ಬುಧವಾರ ಅಕ್ಕನ ಮಗನ ಸ್ಕೂಟರ್ ಹತ್ತಿ ಕೋರ್ಟಿಗೆ ಹೋಗಿ ಮಾಡಿಸ್ಕೊಂಡು ಬಂದೆ. ಪದ್ಮಿನಿ ಉರ್ಫ್ ಶ್ರೀಲಕ್ಷ್ಮೀ ಅಂತ ಟೈಪ್ ಆಗಿತ್ತು. ಎರಡೂ ಹೆಸರಲೆ ಸಹಿ ಮಾಡ್ರಿ ಅಂದ್ರು. ಪದ್ಮಿನಿ ಅಂತ ಬರಿಯಾಕ ಹೋದ್ರ ಕೈ ತಡೀತು, ಮಿ ಅನ್ನೋದನ್ನ ಹೆಂಗ ತಿರುವುತಿದ್ದೆ ಅನ್ನೋದ ಮರತಿತ್ತು.