ಆಷಾಢದಲ್ಲಿ ಹರಳು ಎಲ್ಲಿಂದ ಬರಬೇಕು ಸ್ವಾಮಿ?

ಕೊಟ್ಟಿಗೆಹಾರದಲ್ಲಿ ಪುನರ್ವಸು ಮಳೆ ಹೊಡೆಯುವಾಗ ಅಡಿಗೆಮನೆಯ ಉಪ್ಪಿನ ಮರಿಗೆ ನೋಡಿದ್ದೀರಾ? ಉಪ್ಪು ತಾನಾಗಿಯೇ ನೀರಾಗಿ ಕೂತಿರುತ್ತದೆ. ತೊಳೆದ ಬಟ್ಟೆ ವಾರವಾದರೂ ಒಣಗೋದಿಲ್ಲ, ಬಚ್ಚಲೊಲೆಯ ಮೇಲೆ ಹರವಬೇಕು. ಇಂಥ ಕಾಲದಲ್ಲಿ ಶಾಲೆಯ ಹುಡುಗನಿಗೆ ‘ಉಪ್ಪಿನ ನೀರನ್ನು ತಟ್ಟೆಯಲ್ಲಿಡು, ನಾಲ್ಕು ದಿನ ಬಿಟ್ಟು ಹರಳು ನೋಡು’ ಎಂದರೆ ಅವನು ನೋಡುವುದೇನನ್ನು? ಇಟ್ಟ ನೀರನ್ನೇ!

ಈ ಅಂಕಣ ಬರೆಯುವವನೂ ಹಾಗೆ ನೋಡಿದವನೇ. ಶಾಲೆ ಯಾವುದೆಂಬುದು ಬೇಡ. ಹತ್ತು ದಿನ ಕಾದರೂ ಹರಳು ಬರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ‘ಘನಾಕೃತಿಯ ಹರಳುಗಳು ಕಂಡುಬಂದವು’ ಎಂದು ಬರೆದರು. ಇಡೀ ಕ್ಲಾಸು ಕಾಪಿ ಮಾಡಿತು. ಎಲ್ಲರಿಗೂ ರೈಟು ಬಿತ್ತು. ಪಿಯುಸಿ ಅರ್ಧಕ್ಕೇ ಬಿಟ್ಟ ನಾನು ವಿಜ್ಞಾನದ ಹೆಸರಿನಲ್ಲಿ ಬರೆದ ಮೊದಲನೇ ಸುಳ್ಳು ಅದು. ಮೇಷ್ಟ್ರನ್ನು ದೂರಿ ಫಲವಿಲ್ಲ. ಪಾಠ ಬರೆದವರಿಗೆ ನಮ್ಮ ಮಳೆ ಗೊತ್ತಿರಲಿಲ್ಲ, ಅಷ್ಟೆ.

ತಪ್ಪು ಉಪ್ಪಿನದೂ ಅಲ್ಲ, ಹುಡುಗನದೂ ಅಲ್ಲ. ಗಾಳಿಯ ತೇವ ನೂರಕ್ಕೆ 75ರ ಮೇಲೆ ಹೋಯಿತೆಂದರೆ ಉಪ್ಪಿನ ಗಟ್ಟಿ ನೀರು ಆರುವುದಿಲ್ಲ. ಬದಲಿಗೆ ಒಣ ಉಪ್ಪೇ ಗಾಳಿಯಿಂದ ನೀರು ಹೀರುತ್ತದೆ. ಚಾರ್ಮಾಡಿ ಘಾಟಿಯ ನೆತ್ತಿಯ ಮೇಲಿರುವ ಈ ಊರಲ್ಲಿ ಮಳೆಗಾಲದ ಗಾಳಿ ಎಂಥದೆಂದು ಹೇಳಬೇಕೆ? ಸರಿ, ಕಾಯಿಸಿ ತಣಿಸೋಣ ಎಂದರೆ ಅದೂ ಆಗೋದಿಲ್ಲ. 100 ಮಿಲಿಲೀಟರ್ ತಣ್ಣೀರಿಗೆ ಸುಮಾರು 36 ಗ್ರಾಂ ಉಪ್ಪು ಹಿಡಿಸುತ್ತದೆ, ಕುದಿನೀರಿಗೆ 39 ಗ್ರಾಂ. ತಣಿದಾಗ ಹೊರಬೀಳುವುದು ಆ ಮೂರು ಗ್ರಾಂ ಮಾತ್ರ.

ಪಟಿಕದ ಗುಣವೇ ಬೇರೆ. ಕ್ಷೌರದಂಗಡಿಯಲ್ಲಿ ಶೇವಿಂಗ್ ಆದ ಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಕಲ್ಲು. 100 ಮಿಲಿಲೀಟರ್ ತಣ್ಣೀರಿಗೆ ಹನ್ನೆರಡು ಗ್ರಾಂ ಹಿಡಿಸಿದರೆ ಹೆಚ್ಚು. ಬಿಸಿನೀರಿಗೆ ಅದರ ಹಲವು ಪಟ್ಟು ಕರಗುತ್ತದೆ. ಬಿಸಿನೀರಿನಲ್ಲಿ ಹಿಡಿಸುವಷ್ಟು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಅಲುಗಾಡದ ಕಡೆ ಮುಚ್ಚಿಡಿ. ಬೆಳಗಾಗುವುದರೊಳಗೆ ಲೋಟದ ತಳದಲ್ಲಿ ಹರಳು. ಚೆಂದದ್ದೊಂದನ್ನು ಆರಿಸಿ ನೂಲಿಗೆ ಕಟ್ಟಿ, ಮತ್ತೆ ಅಂಥದೇ ಗಟ್ಟಿ ನೀರು ಮಾಡಿ, ಪೂರ್ತಿ ತಣಿದ ಮೇಲೆ ಇಳಿಬಿಟ್ಟರೆ ಅದೇ ಹರಳು ಎಂಟು ಮುಖ ತೋರಿಸುತ್ತಾ ದಪ್ಪವಾಗುತ್ತದೆ. ಇದಕ್ಕೆ ಬಿಸಿಲು ಬೇಕಿಲ್ಲ, ಮಳೆ ಎಷ್ಟು ಇಂಚು ಬೇಕಾದರೂ ಹೊಡೆಯಲಿ.

ಇನ್ನೊಂದು ಅಪಾಯದ ಮಾತು. ಉಪ್ಪಿನಲ್ಲಿ ಸೋತ ಹುಡುಗರ ಕಣ್ಣು ತೋಟದ ಗೋಡೌನಿನ ಮೈಲುತುತ್ತದ ಮೇಲೆ ಬೀಳುವುದು ಸಹಜ. ಅಡಿಕೆಯ ಕೊಳೆರೋಗಕ್ಕೂ ಕಾಫಿಯ ಎಲೆತುಕ್ಕಿಗೂ ಬೋರ್ಡೋ ದ್ರಾವಣ ಹೊಡೆಯುವ ಸೀಮೆ ಇದು. ಮೈಲುತುತ್ತಕ್ಕೆ ಬರವೇ? ಅದರ ಹರಳು ನವಿಲಿನ ಕತ್ತಿನಂಥ ನೀಲಿ, ನೋಡಿದರೆ ಕಲ್ಲುಸಕ್ಕರೆಗೆ ಬಣ್ಣ ಹಾಕಿದಂತೆ. ಆದರೆ ವಿಷ ಮಾರಾಯ್ರೆ! ಹೊಟ್ಟೆಗೆ ಹೋದರೆ ವಾಂತಿ, ಹೆಚ್ಚಾದರೆ ಪ್ರಾಣಕ್ಕೇ ಸಂಚಕಾರ. ಉಳಿದ ನೀರನ್ನು ಹಳ್ಳಕ್ಕೆ ಚೆಲ್ಲಿದರೆ ಮೀನೂ ಉಳಿಯೋದಿಲ್ಲ. ಎನ್‌ಸಿಇಆರ್‌ಟಿಯವರು ಏಳನೇ ತರಗತಿಯ ಪುಸ್ತಕದಲ್ಲಿ ಈ ಪ್ರಯೋಗ ಕೊಟ್ಟಾಗಲೂ ಶಿಕ್ಷಕರ ಸಮ್ಮುಖದಲ್ಲೇ ಮಾಡಬೇಕೆಂದು ಹೇಳಿದ್ದರು. ಮನೆಯ ಲೋಟದಲ್ಲಿ, ತಂಗಿ ತಮ್ಮಂದಿರ ಕೈಗೆ ಸಿಗುವ ಕಡೆ ಇದು ಖಂಡಿತ ಬೇಡ.

ಹಾಗಾದರೆ ಮಾಡಬೇಕಾದ್ದೇನು? ಮಲೆನಾಡಿನ ಶಾಲೆಗಳಲ್ಲಿ ಮಳೆಗಾಲಕ್ಕೆ ಪಟಿಕ ಇಟ್ಟುಕೊಳ್ಳಿ. ಉಪ್ಪಿನ ಪ್ರಯೋಗವನ್ನು ಜನವರಿಗೆ ತಳ್ಳಿ. ಕಣದಲ್ಲಿ ಕಾಫಿ ಒಣಗುವ ಕಾಲ ಅದು, ಕಾಫಿ ಒಣಗಿಸುವ ಹವೆಗೆ ಒಂದು ತಟ್ಟೆ ಉಪ್ಪು ನೀರು ಯಾವ ಲೆಕ್ಕ? ಬಿಸಿಲಿಗಿಟ್ಟರೆ ಸಣ್ಣ ಹರಳು, ನೆರಳಲ್ಲಿ ನಿಧಾನವಾಗಿ ಆರಿದರೆ ದೊಡ್ಡದು. ಮಕ್ಕಳೇ ಎರಡೂ ಇಟ್ಟು ನೋಡಲಿ. ಎಲ್ಲಕ್ಕಿಂತ ಮುಖ್ಯ, ‘ಹರಳು ಬರಲಿಲ್ಲ, ಮಳೆ ಬಿಡಲಿಲ್ಲ’ ಎಂದು ಕಂಡದ್ದನ್ನು ಕಂಡಂತೆ ಬರೆದ ಹುಡುಗಿಗೆ ಪೂರ್ತಿ ಅಂಕ ಕೊಡಿ. ಬಾರದ ಹರಳನ್ನು ಬಂತೆಂದು ಬರೆದ ಮಗು ನಾಳೆ ಮಾಡದ ರಸ್ತೆಯನ್ನು ಮಾಡಿದೆವೆಂದು ಬಿಲ್ಲು ಬರೆಯುವುದನ್ನೂ ಕಲಿಯುತ್ತದೆ.

ಲೈನ್ ಮನೆಗಳಿಂದ ನಡೆದು ಬರುವ ಕೂಲಿಕಾರರ ಮಕ್ಕಳಿಗೆ ಪ್ರಯೋಗಶಾಲೆ ಅಂತ ಬೇರೆ ಎಲ್ಲಿದೆ? ಒಂದು ಗಾಜಿನ ಲೋಟ, ಒಂದೆಳೆ ನೂಲು, ಒಂದು ತುಂಡು ಪಟಿಕ, ಇವೇ ಅವರ ಪ್ರಯೋಗಶಾಲೆ. ಅದೂ ಕೈಕೊಟ್ಟರೆ ‘ವಿಜ್ಞಾನ ನಮಗಲ್ಲ, ಬೆಂಗಳೂರಿನವರಿಗೆ’ ಎಂದುಕೊಂಡು ಸುಮ್ಮನಾಗುತ್ತಾರೆ.

2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಹಕ್ಕಿ, ಹುಳ, ಮೀನು ನೋಡಿ ನಾಡಿಗೆಲ್ಲ ವಿಜ್ಞಾನ ಹೇಳಿದರು. ಅವರ ಹೆಸರಿನ ಪ್ರತಿಷ್ಠಾನ ಇರುವುದೂ ಕೊಟ್ಟಿಗೆಹಾರದಲ್ಲೇ. ಸುತ್ತಲಿನ ಶಾಲೆಗಳ ಮಕ್ಕಳು ಬೆಳೆಸಿದ ಹರಳುಗಳನ್ನು ವರ್ಷಕ್ಕೊಮ್ಮೆ ಅಲ್ಲಿ ಸಾಲಾಗಿ ಇಟ್ಟರೆ ಎಷ್ಟು ಚೆನ್ನ!

ಅನುದಾನ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಒಂದು ಸುತ್ತೋಲೆ ಸಾಕು. ಶಿಕ್ಷಣ ಇಲಾಖೆಯವರು ಇತ್ತ ಗಮನ ಹರಿಸುವರೆ?