ಬೇಲಿಯೇ ಹೊಲ ಮೇಯ್ದರೆ?



ಯುದ್ಧವೆಂದರೆ ಫಿರಂಗಿ, ವಿಮಾನ ಎಂದುಕೊಂಡಿದ್ದೀರಾ? ಆ ಕಾಲ ಹೋಯಿತು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ವೈರಸ್ ಇರಾನಿನ ನತಾಂಜ್ ಅಣುಕೇಂದ್ರಕ್ಕೆ ನುಗ್ಗಿತು. ಯುರೇನಿಯಂ ಸಂಸ್ಕರಿಸುವ ಯಂತ್ರಗಳ ವೇಗವನ್ನೇ ಏರುಪೇರು ಮಾಡಿತು. ಸುಮಾರು 1,000 ಯಂತ್ರಗಳು ಕೆಟ್ಟವೆಂದು ತಜ್ಞರ ಅಂದಾಜು. ಒಂದು ಗುಂಡೂ ಹಾರಲಿಲ್ಲ! ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. ಗಡಿ ದಾಟಿ ಇಂಡೋನೇಷ್ಯಾ, ಭಾರತದ ಕಂಪ್ಯೂಟರುಗಳಿಗೂ ಹಬ್ಬಿತು.

ಇದೇ ನೋಡಿ ಈ ಅಸ್ತ್ರದ ಶಾಪ. ಬಾಂಬು ಸಿಡಿದರೆ ಬೂದಿ. ಸೈಬರ್ ಅಸ್ತ್ರ ಹಾಗಲ್ಲ, ಇಡಿಯಾಗಿ ವೈರಿಯ ಕೈ ಸೇರುತ್ತದೆ. ಅವನು ಬಿಚ್ಚಿ, ಕಲಿತು, ನಿಮ್ಮ ಮೇಲೇ ಬಿಡಬಹುದು. ಇನ್ನೊಂದು ಇಕ್ಕಟ್ಟು: ಅಸ್ತ್ರ ನಾಟಬೇಕಾದರೆ ತಂತ್ರಾಂಶದ ದೋಷ ಗುಟ್ಟಾಗಿರಬೇಕು. ಗುಟ್ಟಾಗಿಟ್ಟರೆ ವೈರಿಯ ಬಾಗಿಲಿನ ಜೊತೆ ಸ್ವಂತ ಪ್ರಜೆಯ ಬಾಗಿಲೂ ತೆರೆದೇ ಇರುತ್ತದೆ!

ಅಮೆರಿಕದಲ್ಲಿ ಆದದ್ದು ಇದೇ. ಅದರ ರಾಷ್ಟ್ರೀಯ ಭದ್ರತಾ ಸಂಸ್ಥೆ ವಿಂಡೋಸ್‌ನ ದೋಷವೊಂದನ್ನು ಮುಚ್ಚಿಟ್ಟು ಅಸ್ತ್ರ ಮಾಡಿಕೊಂಡಿತು. 2017ರ ಏಪ್ರಿಲ್‌ನಲ್ಲಿ ಅದು ಬೀದಿಗೆ ಬಿತ್ತು. ಮೇ 12ರಂದು ಅದನ್ನೇ ಬಳಸಿದ ವಾನಾಕ್ರೈ ಸುಮಾರು 150 ದೇಶಗಳಿಗೆ ನುಗ್ಗಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ರದ್ದಾದವು. ಆ ರೋಗಿಗಳು ಯಾರಿಗೆ ವೈರಿಗಳು? ಜೂನ್‌ನಲ್ಲಿ ಉಕ್ರೇನಿನಲ್ಲಿ ಶುರುವಾದ ನಾಟ್‌ಪೆಟ್ಯಾ ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿನ ಕೆಲಸಕ್ಕೂ ಕಲ್ಲು ಹಾಕಿತು. ಅಮೆರಿಕ, ಬ್ರಿಟನ್ ರಷ್ಯಾದ ಸೇನೆಯತ್ತ ಬೆರಳು ತೋರಿಸಿದವು. ರಷ್ಯಾ ನಾನಲ್ಲ ಎಂದಿತು. ರಷ್ಯಾದ್ದೇ ತೈಲ ಕಂಪನಿ ರಾಸ್‌ನೆಫ್ಟ್‌ಗೂ ಪೆಟ್ಟು ಬಿದ್ದಿತ್ತು!

ಈಗ ನಮ್ಮ ಮಾತು. ವಾನಾಕ್ರೈಗೆ ಎರಡು ತಿಂಗಳ ಮುಂಚೆಯೇ ಮೈಕ್ರೋಸಾಫ್ಟ್ ಆ ದೋಷಕ್ಕೆ ತೇಪೆ ಕೊಟ್ಟಿತ್ತು. ಹಚ್ಚಿಕೊಳ್ಳದವರು ಕೆಟ್ಟರು. ಅಂದರೆ ಕೋಟೆ ಬಾಗಿಲು ಕಾಯುವವನು ಸೇನಾಪತಿಯಷ್ಟೇ ಅಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತ, ಆಸ್ಪತ್ರೆಯ ನರ್ಸು, ವಿದ್ಯುತ್ ಕೇಂದ್ರದ ಆಪರೇಟರ್. 2019ರಲ್ಲಿ ಕೂಡಂಕುಳಂ ಅಣುಸ್ಥಾವರದ ಆಡಳಿತ ಜಾಲದ ಕಂಪ್ಯೂಟರಿಗೆ ವೈರಸ್ ಹೊಕ್ಕಿದ್ದನ್ನು ಅಣುಶಕ್ತಿ ನಿಗಮವೇ ಒಪ್ಪಿಕೊಂಡಿತು. ನಮ್ಮ ಕೈಗಾ ನಡೆಸುತ್ತಿರುವುದೂ ಅದೇ ನಿಗಮ, ನೆನಪಿರಲಿ.

ಈ ಕಾವಲುಗಾರರಿಗೆ ಅರ್ಥವಾಗದ ಎಚ್ಚರಿಕೆ ಎಚ್ಚರಿಕೆಯೇ? ಕರ್ನಾಟಕದ ಪ್ರತಿ ಕಚೇರಿಗೂ ಸೈಬರ್ ಎಚ್ಚರಿಕೆ ಅದೇ ದಿನ, ಸರಳ ಕನ್ನಡದಲ್ಲಿ ತಲುಪಲಿ. ಇದು ಬರೀ ಭಾಷಾಭಿಮಾನವಲ್ಲ, ದೇಶರಕ್ಷಣೆ! ದೆಹಲಿ ದೋಷಗಳನ್ನು ಬಚ್ಚಿಡುವ ಬದಲು ಮುಚ್ಚಲಿ. ಬೆಂಗಳೂರಿನಲ್ಲಿ ಕೂತು ಜಗತ್ತಿಗೆ ತಂತ್ರಾಂಶ ಬರೆಯುವ ಗೆಳೆಯರೇ, ಇದನ್ನು ನೀವು ಕೇಳದೆ ಇನ್ನಾರು ಕೇಳಬೇಕು?