ಹಡಗಿನವರನ್ನು ಗದರಿಸಿದರೆ ವೈರಸ್ ಹೋಗದು

2019ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್–ನ್ಯೂಜೆರ್ಸಿ ಬಂದರಿಗೆ ಹೊರಟಿದ್ದ ದೊಡ್ಡ ಹಡಗೊಂದು, ತನ್ನ ಕಂಪ್ಯೂಟರ್ ಜಾಲ ಕೈಕೊಟ್ಟಿದೆ ಎಂದು ದಡಕ್ಕೆ ಸುದ್ದಿ ಮುಟ್ಟಿಸಿತು. ಅಮೆರಿಕದ ಕರಾವಳಿ ರಕ್ಷಣಾ ಪಡೆಯವರು ಹೋಗಿ ನೋಡಿದರೆ, ಕುತಂತ್ರಾಂಶ ಜಾಲವನ್ನೆಲ್ಲ ಹಣ್ಣು ಮಾಡಿತ್ತು. ಪುಣ್ಯಕ್ಕೆ, ಹಡಗನ್ನು ನಡೆಸುವ ಮುಖ್ಯ ವ್ಯವಸ್ಥೆಗಳಿಗೆ ತಗುಲಿರಲಿಲ್ಲ.

ತನಿಖೆಯಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ಸ್ವಾರಸ್ಯಕರ. ಈ ಜಾಲವನ್ನು ನಂಬುವಂತಿಲ್ಲ ಎಂಬುದು ಸಿಬ್ಬಂದಿಗೆ ಮೊದಲೇ ಗೊತ್ತಿತ್ತು. ಹೆಚ್ಚಿನವರು ತಮ್ಮ ಇಮೇಲ್ ಆಗಲಿ, ಬ್ಯಾಂಕ್ ಖಾತೆಯಾಗಲಿ ಅಲ್ಲಿ ತೆರೆಯುತ್ತಲೇ ಇರಲಿಲ್ಲ. ಆದರೆ ಎಲೆಕ್ಟ್ರಾನಿಕ್ ನಕ್ಷೆ ಪರಿಷ್ಕರಿಸಲು, ಸರಕಿನ ಲೆಕ್ಕ ಇಡಲು, ಬಂದರಿನ ಪೈಲಟ್ ಮತ್ತು ಏಜೆಂಟರ ಜೊತೆ ವ್ಯವಹರಿಸಲು ಇದ್ದುದು ಅದೊಂದೇ ಜಾಲ. ತಮ್ಮ ಸಂಬಳದ ದುಡ್ಡನ್ನು ಒಪ್ಪಿಸಲು ಹಿಂಜರಿದ ಜಾಲಕ್ಕೇ ಅವರು ಹಡಗನ್ನು ಒಪ್ಪಿಸಬೇಕಾಗಿತ್ತು.

ಹಡಗಿನ ಸೈಬರ್ ಸುರಕ್ಷತೆ ಎಂದೊಡನೆ ನಾವು ಬೈಯುವುದು ಸಿಬ್ಬಂದಿಯನ್ನು. ಸಿಕ್ಕಸಿಕ್ಕ ಲಿಂಕ್ ಒತ್ತಬೇಡಿ, ಪೆನ್‌ಡ್ರೈವ್ ಚುಚ್ಚಬೇಡಿ ಎಂಬ ಪೋಸ್ಟರ್ ಮೆಸ್ ರೂಮಿನ ಗೋಡೆಗೆ ಅಂಟಿಸಿದರೆ ಕಂಪನಿಯ ಕೆಲಸ ಮುಗಿಯಿತು. ಆದರೆ ಪೆನ್‌ಡ್ರೈವ್ ಬರುವುದು ಎಲ್ಲಿಂದ? ಹಡಗು ಧಕ್ಕೆಗೆ ಬಂದಾಗ ಸರಕಿನ ಮಾಹಿತಿಯನ್ನು ಪೆನ್‌ಡ್ರೈವಿನಲ್ಲೇ ಕೊಟ್ಟು ತೆಗೆದುಕೊಳ್ಳುವುದು ವಾಡಿಕೆ, ಅದನ್ನು ತಪಾಸಣೆ ಮಾಡುವವರಿಲ್ಲ ಎಂದು ಅದೇ ರಕ್ಷಣಾ ಪಡೆ ಆ ವರ್ಷದ ಜುಲೈನಲ್ಲಿ ಎಚ್ಚರಿಸಿತ್ತು. ಎಂಜಿನ್ ರಿಪೇರಿಗೆ ಬಂದ ತಂತ್ರಜ್ಞನ ಲ್ಯಾಪ್‌ಟಾಪ್‌ಗೂ ಇದೇ ಮಾತು ಸಲ್ಲುತ್ತದೆ.

ದಡದ ರೋಗ ಎಷ್ಟು ದೂರ ಹಬ್ಬೀತು ಎಂಬುದನ್ನು 2017ರ ಜೂನ್‌ನಲ್ಲಿ ಮೇರ್ಸ್ಕ್ ಹಡಗು ಕಂಪನಿ ಕಂಡಿತು. ಉಕ್ರೇನಿನ ತೆರಿಗೆ ಲೆಕ್ಕದ ತಂತ್ರಾಂಶದ ಮೂಲಕ ನುಸುಳಿದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ, ನಮ್ಮ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲನ್ನೂ ನಿಲ್ಲಿಸಿತು. ಕಂಪನಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಸಜ್ಜುಗೊಳಿಸಬೇಕಾಯಿತು. ಸಮುದ್ರದ ಮೇಲಿದ್ದ ಹಡಗುಗಳು ನೆಟ್ಟಗೇ ಇದ್ದವು. ಅವುಗಳ ಸರಕು ಇಳಿಸಿಕೊಳ್ಳುವ ಟರ್ಮಿನಲ್‌ಗಳು ಕುರುಡಾಗಿದ್ದವು.

ನಿಯಮಗಳಿಗೇನೂ ಬರವಿಲ್ಲ. ಹಡಗು ಕಂಪನಿಗಳು ಸೈಬರ್ ಅಪಾಯವನ್ನು ತಮ್ಮ ಸುರಕ್ಷತಾ ವ್ಯವಸ್ಥೆಯೊಳಗೇ ನಿಭಾಯಿಸಬೇಕೆಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆ ನಿರ್ಣಯ ಮಾಡಿ, 2021ರ ಜನವರಿ 1ರ ನಂತರದ ಮೊದಲ ವಾರ್ಷಿಕ ತಪಾಸಣೆಯ ಗಡುವು ಕೊಟ್ಟಿತು. ಹಡಗಿನ ವಿನ್ಯಾಸದಲ್ಲೇ ರಕ್ಷಣೆ ಕೇಳುವ, ಹಡಗುಗಳಿಗೆ ಪ್ರಮಾಣಪತ್ರ ಕೊಡುವ ವರ್ಗೀಕರಣ ಸಂಸ್ಥೆಗಳ ನಿಯಮ ಮಾತ್ರ 2024ರ ಜುಲೈ 1ರಿಂದ ಈಚೆಗೆ ಕರಾರಾದ ಹೊಸ ಹಡಗುಗಳಿಗಷ್ಟೇ ಕಡ್ಡಾಯ. ಹಡಗಿನ ಆಯುಸ್ಸು ಸುಮಾರು ಇಪ್ಪತ್ತೈದು ವರ್ಷ. ಅಂದರೆ ಹಳೆಯವು ಇನ್ನೂ ಬಹುಕಾಲ ಕಡತದಲ್ಲಷ್ಟೇ ಇರುವ ರಕ್ಷಣೆಯಲ್ಲೇ ಓಡಾಡುತ್ತವೆ.

ಕಡತ ಕಾಯದ ಅಪಾಯಗಳೂ ಇವೆ. 2025ರ ಜೂನ್‌ನಲ್ಲಿ ಹೋರ್ಮುಜ್ ಜಲಸಂಧಿಯ ಸುತ್ತಮುತ್ತ ನೂರಾರು ಹಡಗುಗಳ ಜಿಪಿಎಸ್ ಸಂಕೇತ ಕೆಟ್ಟು, ಕೆಲವು ಪರದೆಯ ಮೇಲೆ ನೆಲದಲ್ಲಿ ನಿಂತಂತೆ ಕಂಡವು. ಗಲ್ಫ್‌ನ ಕಚ್ಚಾತೈಲ ಮಂಗಳೂರಿನ ಪಣಂಬೂರು ಬಂದರಿಗೆ ಬರುವುದೂ ಆ ಕಡೆಯಿಂದಲೇ. ಅಂಥ ಹೊತ್ತಲ್ಲಿ ಕೈಹಿಡಿಯುವುದು ರೇಡಾರ್, ಕಣ್ಣಳತೆ, ದಿಕ್ಸೂಚಿ, ಮತ್ತು ಅವನ್ನು ನಂಬಿ ನಡೆಸುವ ಅಭ್ಯಾಸ. ಇಪ್ಪತ್ತು ಚಿಲ್ಲರೆ ಮಂದಿ ಹಗಲಿರುಳು ಪಾಳಿ ಮಾಡುವ ಹಡಗಿನಲ್ಲಿ ಆ ಅಭ್ಯಾಸಕ್ಕೆ ಬಿಡುವು ಕೊಡಬೇಕಾದವರು ಮಾಲೀಕರು.

ಸಿಬ್ಬಂದಿಯ ಇಂಟರ್ನೆಟ್, ಕಚೇರಿ ಕಂಪ್ಯೂಟರ್, ಎಂಜಿನ್ ನಿಯಂತ್ರಣ ಮೂರನ್ನೂ ಬೇರೆ ಬೇರೆ ಜಾಲಗಳಲ್ಲಿಡುವ ಖರ್ಚೂ ಅವರದೇ. ಅದಕ್ಕಿಂತ ಮುಖ್ಯವಾದ ಇನ್ನೊಂದಕ್ಕೆ ಖರ್ಚಿಗಿಂತ ಧೈರ್ಯ ಬೇಕು. ತಪಾಸಣೆಯಾಗದ ಲ್ಯಾಪ್‌ಟಾಪ್ ಹಿಡಿದು ಬಂದವನನ್ನು ಕ್ಯಾಪ್ಟನ್ ವಾಪಸ್ ಕಳಿಸಿ, ಅದರಿಂದ ಹಡಗು ಹೊರಡುವುದು ಅರ್ಧ ದಿನ ತಡವಾದರೂ ಕ್ಯಾಪ್ಟನ್ ಮೇಲೆ ರೇಗುವುದಿಲ್ಲವೆಂದು ಕಂಪನಿ ಬರೆದು ಕೊಡಲಿ. ನಮ್ಮ ನೌಕಾಯಾನ ಮಹಾನಿರ್ದೇಶನಾಲಯ ತಪಾಸಣೆಗೆ ಹೋದಾಗ ಮೊದಲು ಕೇಳಬೇಕಾದ ಕಾಗದ ಅದು. ಬೇಡ ಎನ್ನುವ ಅಧಿಕಾರವಿಲ್ಲದವನಿಗೆ ಹೊಣೆಯನ್ನಷ್ಟೇ ಹೊರಿಸುವುದು ಸುರಕ್ಷತೆಯಲ್ಲ, ತಪ್ಪು ಹೊರಿಸಲು ಆಳು ಹುಡುಕಿಟ್ಟುಕೊಳ್ಳುವ ಕೆಲಸ.